ಎ ಪ್ಲಸ್ ಪರೀಕ್ಷೆಗೆ ಕೈ ಪಳಗಲು ಯಾವುದು ಮೇಲು: ಹಳೇ ಡೆಸ್ಕ್‌ಟಾಪ್, ವರ್ಚುವಲ್ ಮೆಷೀನ್, ಸಿಮ್ಯುಲೇಟರ್

ಕಂಪ್ಯೂಟರ್ ರಿಪೇರಿ ಮತ್ತು ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಸೇರುವವರು ಪಡೆಯುವ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಪ್ರಮಾಣಪತ್ರ ಸಿಗಬೇಕಾದರೆ ಕೋರ್ 1, ಕೋರ್ 2 ಎಂಬ ಎರಡು ಪರೀಕ್ಷೆ ಪಾಸಾಗಬೇಕು. ಒಂದೊಂದರಲ್ಲೂ ಹೆಚ್ಚೆಂದರೆ 90 ಪ್ರಶ್ನೆ, ಸಮಯ 90 ನಿಮಿಷ. ಅಂಕ 100ರಿಂದ 900ರ ಅಳತೆಯಲ್ಲಿ ಬರುತ್ತದೆ. ಕೋರ್ 1ಕ್ಕೆ 675, ಕೋರ್ 2ಕ್ಕೆ 700 ಬಂದರೆ ಪಾಸ್. ಈಗ ನಡೆಯುತ್ತಿರುವುದು 2025ರ ಮಾರ್ಚ್‌ನಲ್ಲಿ ಬಂದ 220-1201 ಮತ್ತು 220-1202 ಸರಣಿ. ಹಿಂದಿನ 1101, 1102 ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಂತುಹೋದವು. ಹಾಗಾಗಿ ಯಾರಾದರೂ ಹಳೇ ನೋಟ್ಸ್ ಕೊಟ್ಟರೆ ಮೊದಲು ಸರಣಿ ಸಂಖ್ಯೆ ನೋಡಿಕೊಳ್ಳಿ.

ಪಾಠ ಕೇಳುವುದಕ್ಕೆ ವಿಡಿಯೊ, ಪುಸ್ತಕ, ತರಗತಿ ಯಾವುದನ್ನು ಹಿಡಿದರೂ ವಿಷಯ ಹೆಚ್ಚುಕಡಿಮೆ ಒಂದೇ, ಎಲ್ಲರೂ ಅದೇ ಪರೀಕ್ಷಾ ಉದ್ದೇಶಗಳ ಪಟ್ಟಿಯನ್ನೇ ಅನುಸರಿಸುತ್ತಾರೆ. ನಿಜವಾದ ವ್ಯತ್ಯಾಸ ಇರುವುದು ಅಭ್ಯಾಸದಲ್ಲಿ. ಪರೀಕ್ಷೆಯಲ್ಲಿ ಬಹುಆಯ್ಕೆಯ ಜೊತೆಗೆ ಮಾಡಿ ತೋರಿಸಬೇಕಾದ ಪ್ರಶ್ನೆಗಳೂ ಇರುತ್ತವೆ, ಅಲ್ಲಿ ಓದಿದ್ದು ಮಾತ್ರ ಸಾಲದು. ಅಭ್ಯಾಸಕ್ಕಿರುವ ಮೂರು ದಾರಿಗಳನ್ನೂ ಬಳಸಿ ನೋಡಿದ ಮೇಲೆ ನಾವು ಹೇಳುವುದಿಷ್ಟು: ಕೋರ್ 1ಕ್ಕೆ ಹಳೇ ಡೆಸ್ಕ್‌ಟಾಪ್, ಕೋರ್ 2ಕ್ಕೆ ವರ್ಚುವಲ್ ಮೆಷೀನ್ (ನಿಮ್ಮ ಕಂಪ್ಯೂಟರ್‌ನೊಳಗೆ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್). ಪರದೆ ಮೇಲೆ ಕೆಲಸದ ಅಣಕು ಮಾಡಿಸುವ ಸಿಮ್ಯುಲೇಟರ್ ಕೊನೆಗೆ, ಪರೀಕ್ಷೆ ಹತ್ತಿರ ಬಂದಾಗ.

ಹಳೇ ಡೆಸ್ಕ್‌ಟಾಪ್

ಕೋರ್ 1ರಲ್ಲಿ ಹಾರ್ಡ್‌ವೇರ್‌ಗೆ 25 ಶೇಕಡಾ, ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ದೋಷ ಪತ್ತೆಗೆ 28 ಶೇಕಡಾ ತೂಕ. ಅರ್ಧಕ್ಕಿಂತ ಹೆಚ್ಚು ಇಲ್ಲೇ ಆಯಿತು. ಇದಕ್ಕೆ ಕ್ಯಾಬಿನೆಟ್ ಬಿಚ್ಚಿ ಕೂರುವುದಕ್ಕೆ ಬದಲಿ ಇಲ್ಲ.

ಮೆಷೀನ್ ಆರಿಸುವಾಗ ಸಾಮಾನ್ಯ ಎಟಿಎಕ್ಸ್ (ಡೆಸ್ಕ್‌ಟಾಪ್‌ಗಳ ಪ್ರಮಾಣಿತ ಮಾದರಿ) ಪವರ್ ಸಪ್ಲೈ ಇರುವ ಟವರ್ ನೋಡಿ. ಪುಟ್ಟ ಆಫೀಸ್ ಡೆಸ್ಕ್‌ಟಾಪ್‌ಗಳು ಬೇಡ. ಅವುಗಳಲ್ಲಿ ಎಷ್ಟೋ ಸಲ ಕಂಪನಿಯದೇ ವಿಶೇಷ ಕನೆಕ್ಟರ್ ಇರುತ್ತದೆ, ಪರೀಕ್ಷೆಯಲ್ಲಿ ಕೇಳುವ 24 ಪಿನ್, 8 ಪಿನ್ ಕೇಬಲ್ ನೋಡಲು ಸಿಗುವುದಿಲ್ಲ. ಎರಡು ರ‍್ಯಾಮ್ ಕಡ್ಡಿ, ಡ್ರೈವ್ ಜೋಡಿಸುವ ಸಾಟಾ ಪೋರ್ಟ್, ಸಾಧ್ಯವಾದರೆ ತೆಳ್ಳನೆಯ ಎಸ್‌ಎಸ್‌ಡಿ ಕೂರುವ ಒಂದು ಎಂ.2 ಸ್ಲಾಟ್ ಇದ್ದರೆ ಸಾಕು. ಜೊತೆಗೆ 2ನೇ ನಂಬರ್ ಫಿಲಿಪ್ಸ್ ಸ್ಕ್ರೂಡ್ರೈವರ್, ಆಂಟಿ ಸ್ಟ್ಯಾಟಿಕ್ ಪಟ್ಟಿ, ಥರ್ಮಲ್ ಪೇಸ್ಟ್, ಮದರ್‌ಬೋರ್ಡ್‌ನ ಗಡಿಯಾರಕ್ಕೆ ಹಾಕುವ ಒಂದು ಸಿಆರ್2032 ಸೆಲ್, ಮಲ್ಟಿಮೀಟರ್.

ಬಿಚ್ಚಿ ಮತ್ತೆ ಜೋಡಿಸುವುದರಿಂದ ಭಾಗಗಳ ಹೆಸರು ಬಾಯಿಗೆ ಬರುತ್ತದೆ, ಅಷ್ಟೇ. ದೋಷ ಪತ್ತೆ ಬರಬೇಕಾದರೆ ಬೇಕೆಂದೇ ದೋಷ ಹಾಕಬೇಕು. ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ವಿದ್ಯುತ್ ಬರಿದು ಮಾಡಿ, ಆಮೇಲೆ ಒಂದೇ ಒಂದು ಬದಲಾವಣೆ ಮಾಡಿ. ಪ್ಲಗ್ ಹಾಕಿ, ಆನ್ ಮಾಡಿ, ಕಂಡದ್ದನ್ನು ಬರೆದಿಡಿ.

ಮೊದಲು ಮದರ್‌ಬೋರ್ಡ್‌ನ ಮೇಲ್ಭಾಗದಲ್ಲಿರುವ 8 ಪಿನ್ ಸಿಪಿಯು (ಪ್ರೊಸೆಸರ್) ಕೇಬಲ್ ತೆಗೆಯಿರಿ. ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಪರದೆ ಮಾತ್ರ ಕಪ್ಪು. 24 ಪಿನ್ ಕೇಬಲ್ ಬೋರ್ಡ್‌ಗೆ ವಿದ್ಯುತ್ ಕೊಡುತ್ತಿದೆ, ಪ್ರೊಸೆಸರ್‌ಗೆ ಮಾತ್ರ ಅದರ ಪಾಲು ತಲುಪಿಲ್ಲ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ‘ಫ್ಯಾನ್ ತಿರುಗುತ್ತಿದೆ, ಆದರೆ ಡಿಸ್‌ಪ್ಲೇ ಇಲ್ಲ’ ಎಂಬ ಪ್ರಶ್ನೆ ಬಂದಾಗ ಮಾನಿಟರ್ ಬದಲಿಸಲು ಹೋಗುವುದಿಲ್ಲ. ಮತ್ತೆ ಹಾಕುವಾಗ ಎಚ್ಚರ: ಗ್ರಾಫಿಕ್ಸ್ ಕಾರ್ಡ್‌ನ 8 ಪಿನ್ ಕೇಬಲ್ ನೋಡಲು ಇದೇ ತರ ಇರುತ್ತದೆ. ಅದು 6+2 ಆಗಿ ಬೇರ್ಪಡುತ್ತದೆ, ಸಿಪಿಯುದು ಸಾಮಾನ್ಯವಾಗಿ 4+4 ಆಗಿ. ಎರಡರಲ್ಲೂ 12 ವೋಲ್ಟ್ ಮತ್ತು ಗ್ರೌಂಡ್ ಪಿನ್‌ಗಳ ಜಾಗ ಬೇರೆ, ಹಾಗಾಗಿ ಸಲೀಸಾಗಿ ಕೂರದಿದ್ದರೆ ಒತ್ತಾಯ ಮಾಡಬೇಡಿ.

ಆಮೇಲೆ ರ‍್ಯಾಮ್ ಕಡ್ಡಿಗಳೆರಡನ್ನೂ ತೆಗೆದು ಆನ್ ಮಾಡಿ, ಬೀಪ್ ಅಥವಾ ಬೋರ್ಡ್ ಮೇಲಿನ ಎಲ್‌ಇಡಿ ಏನು ಹೇಳುತ್ತದೆ ನೋಡಿ. ಸಿಆರ್2032 ತೆಗೆದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಹಳೇ ಬೋರ್ಡ್‌ಗಳಲ್ಲಿ ಬೂಟ್ ಕ್ರಮವೂ (ಯಾವ ಡ್ರೈವ್‌ನಿಂದ ಮೊದಲು ಶುರುವಾಗಬೇಕು ಎಂಬುದು) ಮರೆತುಹೋಗುತ್ತದೆ. ಡ್ರೈವ್‌ನ ಸಾಟಾ ಡೇಟಾ ಕೇಬಲ್ ಕಿತ್ತರೆ ಬೂಟ್ ಡಿವೈಸ್ ಇಲ್ಲ ಎಂಬ ಸಂದೇಶ. ಆಗ ಬಯಾಸ್‌ಗೆ (ಆನ್ ಮಾಡಿದ ಕೂಡಲೇ ಓಡುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ತಂತ್ರಾಂಶ) ಹೋಗಿ ಡ್ರೈವ್ ಪಟ್ಟಿಯಲ್ಲಿದೆಯೇ ಎಂದು ನೋಡುವ ಅಭ್ಯಾಸ ಆಗಲಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಕೇಬಲ್ ಅಥವಾ ಡ್ರೈವ್, ಇದ್ದೂ ಬೂಟ್ ಆಗದಿದ್ದರೆ ಬೂಟ್ ಕ್ರಮ ಅಥವಾ ಬೂಟ್ ಫೈಲ್.

ಪ್ರೊಸೆಸರ್ ಕೂಲರ್ ತೆಗೆಯುವಾಗ ಹೆಚ್ಚು ಹಾನಿಯಾಗುವುದು ಎಎಮ್‌ಡಿ ಕಂಪನಿಯ ಪ್ರೊಸೆಸರ್ ಕೂರುವ ಎಎಮ್4 ಸಾಕೆಟ್‌ನಲ್ಲಿ. ಪೇಸ್ಟ್ ಒಣಗಿ ಅಂಟಿಕೊಂಡಿರುತ್ತದೆ, ಕೂಲರ್ ನೇರ ಮೇಲಕ್ಕೆ ಎಳೆದರೆ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತದೆ. ಮೊದಲು ಕೆಲವು ನಿಮಿಷ ಮೆಷೀನ್ ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಡಿ, ಆಫ್ ಮಾಡಿ, ಕೂಲರ್ ಅನ್ನು ಎಡಬಲಕ್ಕೆ ಮೆಲ್ಲಗೆ ತಿರುಗಿಸಿ ಸಡಿಲಿಸಿ, ಆಮೇಲೆ ಎತ್ತಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಡೆಸ್ಕ್‌ಟಾಪ್ ಸೋಲುವುದು ಸಾಫ್ಟ್‌ವೇರ್ ವಿಷಯದಲ್ಲಿ. ವಿಂಡೋಸ್ ಕೆಡಿಸಿದರೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾ ಕೂರಬೇಕು, ಆ ಬೇಸರಕ್ಕೇ ಜನ ಕೆಡಿಸುವುದನ್ನು ಬಿಟ್ಟುಬಿಡುತ್ತಾರೆ.

ವರ್ಚುವಲ್ ಮೆಷೀನ್

ಕೋರ್ 2ರಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ 28, ಭದ್ರತೆಗೆ 28, ಸಾಫ್ಟ್‌ವೇರ್ ದೋಷಕ್ಕೆ 23 ಶೇಕಡಾ. ಇದೆಲ್ಲ ವರ್ಚುವಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶದಲ್ಲೇ ಆಗುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಮ್ 2.0 ಎಂಬ ಭದ್ರತಾ ಚಿಪ್ ಬೇಕು, ವರ್ಚುವಲ್‌ಬಾಕ್ಸ್ 7.0ರಿಂದ ವರ್ಚುವಲ್ ಟಿಪಿಎಮ್ ಸಿಗುತ್ತದೆ. ಎರಡು ಮೆಷೀನ್ ಒಟ್ಟಿಗೆ ಓಡಬೇಕಾದರೆ ಮೂಲ ಕಂಪ್ಯೂಟರ್‌ನಲ್ಲಿ 16 ಜಿಬಿ ಇದ್ದರೆ ನೆಮ್ಮದಿ. ಶುರುವೇ ಆಗದಿದ್ದರೆ ಬಯಾಸ್‌ನಲ್ಲಿ ವಿಟಿ-ಎಕ್ಸ್ ಅಥವಾ ಎಎಮ್‌ಡಿ-ವಿ (ವರ್ಚುವಲ್ ಮೆಷೀನ್‌ಗೆ ಬೇಕಾದ ಪ್ರೊಸೆಸರ್ ಸೌಲಭ್ಯ) ಆಫ್ ಇದೆಯೇ ನೋಡಿ.

ಹೋಮ್ ಆವೃತ್ತಿ ಹಾಕಬೇಡಿ, ಪ್ರೊ ಹಾಕಿ. ವಿಂಡೋಸ್‌ನ ನಿಯಮಗಳನ್ನು ಹೊಂದಿಸುವ ಗ್ರೂಪ್ ಪಾಲಿಸಿ ಎಡಿಟರ್, ಕಚೇರಿಯ ಕೇಂದ್ರೀಕೃತ ನೆಟ್‌ವರ್ಕ್ ಆದ ಡೊಮೈನ್‌ಗೆ ಸೇರ್ಪಡೆ, ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಸ್ವೀಕರಿಸುವುದು, ಇವು ಹೋಮ್‌ನಲ್ಲಿ ಇಲ್ಲ. ಈ ವ್ಯತ್ಯಾಸವೇ ಪರೀಕ್ಷೆಯ ವಿಷಯವೂ ಹೌದು.

ಎಲ್ಲರೂ ಎಡವುವುದು ನೆಟ್‌ವರ್ಕ್‌ನಲ್ಲಿ, ಮತ್ತು ಆ ಎಡವುವಿಕೆಯಿಂದಲೇ ಹೆಚ್ಚು ಕಲಿಯುವುದು. ಎರಡು ಮೆಷೀನ್ ಮಾಡಿ ಡಿಫಾಲ್ಟ್ ಎನ್‌ಎಟಿ (ವಿಳಾಸ ಬದಲಿಸಿ ಹೊರಗೆ ಕಳಿಸುವ ನೆಟ್‌ವರ್ಕ್ ಸೆಟ್ಟಿಂಗ್) ಹಾಗೇ ಬಿಟ್ಟರೆ ಎರಡಕ್ಕೂ 10.0.2.15 ಎಂಬ ಒಂದೇ ವಿಳಾಸ ಬರುತ್ತದೆ, ಇಂಟರ್ನೆಟ್ ಎರಡರಲ್ಲೂ ಓಡುತ್ತದೆ, ಆದರೆ ಒಂದಕ್ಕೊಂದು ಕಾಣುವುದಿಲ್ಲ. ಈ ಸೆಟ್ಟಿಂಗ್‌ನಲ್ಲಿ ಪ್ರತಿ ಮೆಷೀನ್‌ಗೂ ಅದರದೇ ಪ್ರತ್ಯೇಕ ರೂಟರ್ ಇದ್ದ ಹಾಗೆ. ಎರಡನ್ನೂ ‘ಇಂಟರ್ನಲ್ ನೆಟ್‌ವರ್ಕ್’ಗೆ ಬದಲಿಸಿ, ವಿಳಾಸ ತೋರಿಸುವ ಐಪಿಕಾನ್ಫಿಗ್ ಆದೇಶ ಓಡಿಸಿ: 169.254ರಿಂದ ಶುರುವಾಗುವ ವಿಳಾಸ ಬರುತ್ತದೆ, ಏಕೆಂದರೆ ಅಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಇಲ್ಲ, ವಿಂಡೋಸ್ ತಾನೇ ಒಂದನ್ನು ಕೊಟ್ಟುಕೊಂಡಿದೆ (ಇದೇ ಎಪಿಐಪಿಎ). ಈಗ ಒಂದಕ್ಕೆ 192.168.50.10, ಇನ್ನೊಂದಕ್ಕೆ 192.168.50.11, ಮಾಸ್ಕ್ 255.255.255.0 ಕೊಡಿ. ಒಂದರಿಂದ ಇನ್ನೊಂದಕ್ಕೆ ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ಕೇಳುವ ಆದೇಶ). ಇನ್ನೂ ಉತ್ತರ ಬರುವುದಿಲ್ಲ! ಗುರುತಿಲ್ಲದ ನೆಟ್‌ವರ್ಕ್ ಅನ್ನು ವಿಂಡೋಸ್ ‘ಪಬ್ಲಿಕ್’ ಎಂದು ಪರಿಗಣಿಸಿ ಫೈರ್‌ವಾಲ್‌ನಲ್ಲಿ ಪಿಂಗ್ ತಡೆಯುತ್ತದೆ. ಪಿಂಗ್‌ನ ಸಂದೇಶವಾದ ‘ಎಕೋ ರಿಕ್ವೆಸ್ಟ್’ ನಿಯಮ ಅನುಮತಿಸಿದ ಕೂಡಲೇ ಉತ್ತರ ಬರುತ್ತದೆ. ಎನ್‌ಎಟಿ, ಡಿಎಚ್‌ಸಿಪಿ, ಎಪಿಐಪಿಎ, ಫೈರ್‌ವಾಲ್ ನಾಲ್ಕೂ ಒಂದೇ ಸಲಕ್ಕೆ ಮನದಟ್ಟಾದವು.

ಏನನ್ನೇ ಕೆಡಿಸುವ ಮೊದಲು ಮೆಷೀನ್‌ನ ಆಗಿನ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟ್ ತೆಗೆಯಿರಿ, ಹಿಂದಿರುಗಲು ಒಂದು ನಿಮಿಷ ಸಾಕು. ಮಾಲ್‌ವೇರ್ ತೆಗೆಯುವ ಕ್ರಮವನ್ನೂ ಇಲ್ಲೇ ಮಾಡಿ: ಖಚಿತಪಡಿಸಿಕೊಳ್ಳಿ, ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ಸಿಸ್ಟಮ್ ರಿಸ್ಟೋರ್ (ವಿಂಡೋಸ್ ಅನ್ನು ಹಳೇ ಸ್ಥಿತಿಗೆ ಮರಳಿಸುವ ಸೌಲಭ್ಯ) ಆಫ್ ಮಾಡಿ, ಆಮೇಲೆ ಅಪ್‌ಡೇಟ್ ಮತ್ತು ಸ್ಕ್ಯಾನ್. ರಿಸ್ಟೋರ್ ಮೊದಲೇ ಆಫ್ ಮಾಡುವುದೇಕೆಂದರೆ ಹಳೇ ರಿಸ್ಟೋರ್ ಪಾಯಿಂಟ್‌ನಲ್ಲೂ ಸೋಂಕು ಅಡಗಿರಬಹುದು. ನಿಜವಾದ ವೈರಸ್ ಬೇಡ, ಆಂಟಿವೈರಸ್ ಪರೀಕ್ಷೆಗೆಂದೇ ಇರುವ ನಿರುಪದ್ರವಿ ಐಕಾರ್ ಫೈಲ್ ಸಾಕು.

ವೈಫೈ ಕಾರ್ಡ್, ಲ್ಯಾಪ್‌ಟಾಪ್ ಬ್ಯಾಟರಿ, ಬೀಪ್ ಸದ್ದು, ಪ್ರಿಂಟರ್ ರೋಲರ್ ಯಾವುದೂ ಇಲ್ಲಿ ಸಿಗುವುದಿಲ್ಲ.

ಸಿಮ್ಯುಲೇಟರ್

ಬ್ರೌಸರ್‌ನಲ್ಲಿ ಓಡುವ ಲ್ಯಾಬ್‌ಗಳು ಪರೀಕ್ಷೆಯ ಮಾಡಿ ತೋರಿಸುವ ಪ್ರಶ್ನೆಗೆ ರೂಪದಲ್ಲಿ ತೀರಾ ಹತ್ತಿರ. ರೂಟರ್‌ನ ಸೆಟ್ಟಿಂಗ್ ಪುಟ, ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ) ಜೋಡಣೆ, ಲೇಸರ್ ಪ್ರಿಂಟರ್ ಮುದ್ರಿಸುವ ಹಂತಗಳು, ಹೀಗೆ ಮನೆಯಲ್ಲಿ ಹೊಂದಿಸಲು ಕಷ್ಟವಾದವು ಇಲ್ಲಿ ಸುಲಭ. ಕೊರತೆ ಏನೆಂದರೆ ಬಹುತೇಕ ಲ್ಯಾಬ್‌ಗಳಲ್ಲಿ ಒಂದೇ ದಾರಿ ಸರಿ, ಬೇರೆ ಕಡೆ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ತಪ್ಪಿನ ಪರಿಣಾಮ ಕಾಣದಿದ್ದರೆ ಕಾರಣ ಹುಡುಕುವುದು ಬರುವುದಿಲ್ಲ. ಇದರಿಂದಲೇ ಶುರು ಮಾಡುವವರಿಗೆ ಮೆನು ಎಲ್ಲಿದೆ ಎಂದು ಗೊತ್ತಾಗುತ್ತದೆ, ಯಾಕೆ ಅಲ್ಲಿಗೆ ಹೋಗಬೇಕು ಎಂದು ಗೊತ್ತಾಗುವುದಿಲ್ಲ.

ಸಿಮ್ಯುಲೇಟರ್ ಚೆನ್ನಾಗಿ ಕಲಿಸುವುದು ಸಮಯ ನಿಭಾಯಿಸುವುದನ್ನು. ಮಾಡಿ ತೋರಿಸುವ ಪ್ರಶ್ನೆಗಳು ಸಾಮಾನ್ಯವಾಗಿ ಆರಂಭದಲ್ಲೇ ಬರುತ್ತವೆ. ಅವಕ್ಕೆ ಗುರುತು ಹಾಕಿ ಮುಂದೆ ಹೋಗಿ, ಬಹುಆಯ್ಕೆ ಮುಗಿಸಿ ಹಿಂದಿರುಗುವುದನ್ನು ಇಲ್ಲೇ ರೂಢಿ ಮಾಡಿಕೊಳ್ಳಿ. ‘ಅಸಲಿ ಪ್ರಶ್ನೆಗಳು’ ಎಂದು ಹಂಚುವ ಡಂಪ್‌ಗಳನ್ನು ಮುಟ್ಟಲೇಬೇಡಿ, ಕಾಂಪ್‌ಟಿಯಾ ಅದನ್ನು ಮೋಸ ಎಂದೇ ಪರಿಗಣಿಸಿ ಪ್ರಮಾಣಪತ್ರ ರದ್ದು ಮಾಡಬಹುದು.

ಈಗಾಗಲೇ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವರು ಡೆಸ್ಕ್‌ಟಾಪ್ ಅಭ್ಯಾಸ ಬಿಟ್ಟು ನೇರ ವರ್ಚುವಲ್ ಮೆಷೀನ್‌ಗೆ ಹೋಗಬಹುದು, ಅವರಿಗೆ ಗ್ರೂಪ್ ಪಾಲಿಸಿ ಮತ್ತು ಫೋಲ್ಡರ್ ಅನುಮತಿಗಳೇ ಕಷ್ಟದ ಜಾಗ. ಹೆಲ್ಪ್‌ಡೆಸ್ಕ್‌ನಲ್ಲಿ ಫೋನ್ ಮೇಲೆ ಕೆಲಸ ಮಾಡುವವರಿಗೆ ಇದರ ತದ್ವಿರುದ್ಧ: ಅವರು ಮೊದಲು ಕ್ಯಾಬಿನೆಟ್ ಬಿಚ್ಚಲಿ.