ಭಜ್ಜಿಗೆ ಕೂಡಿಸಿಟ್ಟ ರಾಶಿಯೋ, ಬಿಡಿ ಕಾಯಿಪಲ್ಯವೋ?

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ನಾವು ನಾಲ್ವರು ಗೆಳತಿಯರು ಭಜ್ಜಿಯ (ಹಸಿ ಕಾಳು, ತರಕಾರಿ, ಸೊಪ್ಪು ಕೂಡಿಸಿ ಬೇಯಿಸುವ ಹಬ್ಬದ ಪಲ್ಯ) ಸಾಮಾನು ತರಲು ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆವು. ಮರುದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರೇ ಊರ ತುಂಬ ಇರುವುದರಿಂದ, ಆ ದಿನ ಭಜ್ಜಿಯ ತರಕಾರಿ ಎರಡು ಬಗೆಯಲ್ಲಿ ಸಿಗುತ್ತದೆ. ಹಸಿ ತೊಗರಿ, ಅವರೆ, ಬಟಾಣಿ, ಗಜ್ಜರಿ (ಕ್ಯಾರೆಟ್), ಬದನೆ, ಮೆಂತ್ಯೆ, ಹುಳಿಸೊಪ್ಪಾದ ಪುಂಡಿ ಎಲ್ಲವನ್ನೂ ಸುಲಿದು ಹೆಚ್ಚಿ ಕೂಡಿಸಿಟ್ಟ ರಾಶಿ ಒಂದು, ಎಂದಿನಂತೆ ಬಿಡಿಯಾಗಿ ಮಾರುವುದು ಇನ್ನೊಂದು. ಯಾವುದು ಮೇಲು ಎಂಬ ನಮ್ಮ ವಾದ ಪ್ರತಿವರ್ಷದ್ದು. ಈ ಸಲ ಎರಡನ್ನೂ ಕೊಂಡು, ಅದೇ ಸಂಜೆ ಒಂದೇ ಒಲೆಯ ಮೇಲೆ ಎರಡು ಪಾತ್ರೆಗಳಲ್ಲಿ ಬೇಯಿಸಿ ನೋಡಿದೆವು.

ಖರ್ಚು ಮತ್ತು ಹೊತ್ತಿನ ಲೆಕ್ಕದಲ್ಲಿ ರಾಶಿಯೇ ಗೆದ್ದಿತು. ನಾಲ್ಕು ಜನರ ಮನೆಗೆ ಒಂದು ಕಿಲೋ ಸಾಕಾಯಿತು. ಬಿಡಿಯಾಗಿ ಕೊಂಡಾಗ ಪ್ರತಿಯೊಂದನ್ನೂ ಪಾವ್‌ಕಿಲೋ ತಂದು, ಅರ್ಧ ಚೀಲ ಉಳಿಯಿತು. ಸುಲಿಯಲು, ಸೋಸಲು ಎರಡು ತಾಸು ಹಿಡಿಯಿತು.

ಆದರೆ ಕಾಳಿನ ವಿಷಯ ಬೇರೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತೊಗರಿಯ ನಾಡಿನಲ್ಲಿ ಭಜ್ಜಿಯ ಜೀವವೇ ಹಸಿ ತೊಗರಿ, ಮತ್ತು ಹಬ್ಬದ ಹೊತ್ತಿಗೆ ಹೊಲದಲ್ಲಿ ಕಾಯಿ ಒಣಗತೊಡಗಿರುತ್ತದೆ. ಬಿಡಿಯಾಗಿ ಮಾರುತ್ತಿದ್ದ ಅಜ್ಜಿಯೊಬ್ಬರು ಹೆಬ್ಬೆರಳಿನ ಉಗುರಿನಿಂದ ಒಂದು ಕಾಯಿ ಬಿಡಿಸಿ, "ನೋಡವ್ವಾ, ಇನ್ನಾ ಎಳೀದು ಅದ" ಎಂದು ಅಂಗೈಯಲ್ಲಿ ಹಸಿರು ಕಾಳಿಟ್ಟರು. ಒತ್ತಿದರೆ ಜಜ್ಜಿ ಹೋಗುವಷ್ಟು ಮೆತ್ತಗಿತ್ತು. ರಾಶಿಯಲ್ಲಿ ಎಳೆಯದು, ಬಲಿತದ್ದು, ಹಳದಿ ತಿರುಗಿದ್ದು ಎಲ್ಲ ಬೆರೆತಿದ್ದವು, ಆರಿಸುವ ದಾರಿಯೇ ಇರಲಿಲ್ಲ.

ನಿಜವಾದ ಅಂತರ ಒಲೆಯ ಮೇಲೆ ಕಂಡಿತು. ಹುಳಿಯ ಜೊತೆ ಕುದಿಸಿದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಬಿಡಿ ತಂದದ್ದರಲ್ಲಿ ಕಾಳುಗಳನ್ನು ಮೊದಲು ಬೇಯಿಸಿ, ಆಮೇಲೆ ಗಜ್ಜರಿ, ಬದನೆ ಸೇರಿಸಿ, ಕೊನೆಗೆ ಮೆಂತ್ಯೆಯನ್ನೂ ಪುಂಡಿಯನ್ನೂ ಹಾಕಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿಯ ಖಾರದೊಂದಿಗೆ ಕಡಲೆ ಹಿಟ್ಟು ಕದಡಿ ಹೊಯ್ದೆವು. ರಾಶಿಯಲ್ಲಿ ಪುಂಡಿ ಮೊದಲೇ ಬೆರೆತಿದ್ದರಿಂದ ಎಲ್ಲವೂ ಒಟ್ಟಿಗೇ ಬೇಯಬೇಕಾಯಿತು: ಬದನೆ ಕರಗಿ ಹೋದರೂ ಅವರೆ ಹಲ್ಲಿಗೆ ಗಟ್ಟಿಯಾಗಿಯೇ ಸಿಕ್ಕಿತು, ಮೆಂತ್ಯೆ ಬಣ್ಣಗೆಟ್ಟು ಕಹಿ ಮುಂದಾಯಿತು. ರುಚಿ ಕೆಟ್ಟಿತ್ತು ಎನ್ನಲಾರೆ, ಹುಳಿ ಚೆನ್ನಾಗಿ ಹಿಡಿದಿತ್ತು. ಆದರೆ ಯಾವ ತರಕಾರಿಗೂ ತನ್ನದೆಂಬ ರುಚಿ ಉಳಿದಿರಲಿಲ್ಲ.

ರೊಟ್ಟಿಯಲ್ಲೂ ಹೀಗೇ ಎರಡನ್ನು ತೂಗಿ ನೋಡಿದೆವು. ಮಾರುಕಟ್ಟೆಯಿಂದ ತಂದ ಬಿಳಿಜೋಳದ ಖಡಕ್ ರೊಟ್ಟಿಗೆ ಯಾವ ದೋಷವೂ ಕಾಣಲಿಲ್ಲ, ವಾರಗಟ್ಟಲೆ ಇಟ್ಟರೂ ಅದು ಕೆಡುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಮಾತ್ರ ಕೊಂಡು ತರಬಾರದು. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಬೀಸಿದ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ, ನಾವು ಕೊಂಡದ್ದರಲ್ಲಿ ಆ ಕಹಿ ಆಗಲೇ ಇತ್ತು. ಅಂದೇ ಬೀಸಿಸಿ ತಂದ ಹಿಟ್ಟಿನಿಂದ ಮನೆಯಲ್ಲಿ ಬಡಿದದ್ದು ಸಿಹಿಯಾಗಿತ್ತು.

ಮರುದಿನ ಹೊಲದಲ್ಲಿ ಪಾಂಡವರೆಂದು ಇಟ್ಟ ಐದು ಕಲ್ಲುಗಳಿಗೆ ಎಡೆ ತೋರಿಸಿ, ಅದನ್ನೇ ಹೊಲದ ತುಂಬ ಎರಚುವ ಚರಗ ಚೆಲ್ಲಿ, ಜೋಳದ ತೆನೆಗಳ ನಡುವೆ ಕುಳಿತು ಎರಡೂ ಪಾತ್ರೆ ಬಿಚ್ಚಿದೆವು. ರಾಶಿಯ ಭಜ್ಜಿ ರಾತ್ರಿ ಕಳೆದು ಸ್ವಲ್ಪ ಸುಧಾರಿಸಿತ್ತು, ಅಂಬಲಿಯ ಜೊತೆ ಸರಿಹೋಯಿತು. ಬಿಡಿ ತರಕಾರಿಯದ್ದು ಎರಡನೇ ಸುತ್ತಿಗೇ ತಳ ಕಂಡಿತು.