ಬ್ಲ್ಯಾಕ್‌ರಾಕ್‌ನ ಬಿಟ್‌ಕಾಯಿನ್ ಫಂಡ್: ಅನುಕೂಲ ನಿಜ, ಒಡೆತನ ಅರ್ಧ

ಬಿಟ್‌ಕಾಯಿನ್ ಎಂದರೆ ಕಪ್ಪುಹಣ ಬಿಳಿಮಾಡುವವರ ಸೂಚ್ಯಂಕ ಎಂದು 2017ರಲ್ಲಿ ಜರೆದಿದ್ದ ಲ್ಯಾರಿ ಫಿಂಕ್ ಮುಖ್ಯಸ್ಥರಾಗಿರುವ ಹೂಡಿಕೆ ನಿರ್ವಹಣಾ ಸಂಸ್ಥೆ ಬ್ಲ್ಯಾಕ್‌ರಾಕ್ ತಾನೇ ಈಗ ಅದೇ ಬಿಟ್‌ಕಾಯಿನ್ನಿನ ಅತಿದೊಡ್ಡ ಫಂಡನ್ನು ನಡೆಸುತ್ತಿದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2024ರ ಜನವರಿ 10ರಂದು ಒಪ್ಪಿಗೆ ನೀಡಿದ ಸ್ಪಾಟ್ ಬಿಟ್‌ಕಾಯಿನ್ ಇಟಿಎಫ್‌ಗಳಲ್ಲಿ (ಬಿಟ್‌ಕಾಯಿನ್ನನ್ನೇ ಕೊಂಡಿಟ್ಟುಕೊಂಡು, ಷೇರುಪೇಟೆಯಲ್ಲಿ ಷೇರಿನಂತೆ ವಹಿವಾಟಾಗುವ ಫಂಡುಗಳಲ್ಲಿ) ಐಷೇರ್ಸ್ ಬಿಟ್‌ಕಾಯಿನ್ ಟ್ರಸ್ಟ್ (ಐಬಿಐಟಿ) ಒಂದು. ವರ್ಷ ತುಂಬುವ ಮೊದಲೇ ಅದರ ಆಸ್ತಿ 5,000 ಕೋಟಿ ಡಾಲರ್ ದಾಟಿತು.

ಅನುಕೂಲದ ವಿಷಯದಲ್ಲಿ ದೂರಲು ಹೆಚ್ಚೇನೂ ಇಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಬೇರೆ ಷೇರುಗಳನ್ನು ಇಟ್ಟಿರುವ ಬ್ರೋಕರೇಜ್ ಖಾತೆಯಲ್ಲಿಯೇ ಇದನ್ನೂ ಕೊಳ್ಳಬಹುದು. ಖಾಸಗಿ ಕೀಲಿ, ಅಂದರೆ ಬಿಟ್‌ಕಾಯಿನ್ ಬಳಸಲು ಬೇಕಾದ ಗುಪ್ತ ಸಂಕೇತ, ಕಳೆದುಹೋದೀತೆಂಬ ಭಯವಿಲ್ಲ, ವಹಿವಾಟು ಭಾರಿಯಾಗಿರುವುದರಿಂದ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರವೂ ಅತ್ಯಲ್ಪ.

ಶುಲ್ಕವನ್ನು ಮಾತ್ರ ಗಮನವಿಟ್ಟು ನೋಡಬೇಕು. ವರ್ಷಕ್ಕೆ ಶೇ 0.25, ಅಂದರೆ 10,000 ಡಾಲರಿಗೆ 25 ಡಾಲರ್, ದೊಡ್ಡ ಮೊತ್ತವೇನಲ್ಲ. ಆದರೆ ಬಡ್ಡಿಯಾಗಲಿ ಡಿವಿಡೆಂಡ್ ಆಗಲಿ ಹುಟ್ಟದ ಈ ಆಸ್ತಿಯಲ್ಲಿ ಶುಲ್ಕವನ್ನು ಭರಿಸಲು ಟ್ರಸ್ಟ್ ತನ್ನ ಬಿಟ್‌ಕಾಯಿನ್ನನ್ನೇ ಸ್ವಲ್ಪಸ್ವಲ್ಪವಾಗಿ ಮಾರುತ್ತದೆ. ಹಾಗಾಗಿ ಪ್ರತಿ ಷೇರಿನ ಹಿಂದಿರುವ ಬಿಟ್‌ಕಾಯಿನ್ ವರ್ಷದಿಂದ ವರ್ಷಕ್ಕೆ ಸವೆಯುತ್ತಲೇ ಹೋಗುತ್ತದೆ. ಬೆಲೆ ಏರಲಿ, ಇಳಿಯಲಿ, ಬ್ಲ್ಯಾಕ್‌ರಾಕ್‌ಗೆ ಅದರ ಪಾಲು ಬರುತ್ತದೆ. ದೊಡ್ಡ ಸಂಸ್ಥೆ ಕೈಹಾಕಿದೆಯೆಂಬ ಕಾರಣಕ್ಕೇ ಧೈರ್ಯ ತಂದುಕೊಳ್ಳುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ: ಅದು ತೊಡಗಿಸಿರುವುದು ಮುಖ್ಯವಾಗಿ ಗ್ರಾಹಕರ ಹಣವನ್ನು.

ಟ್ರಸ್ಟಿನ ಬಿಟ್‌ಕಾಯಿನ್‌ಗೆ ಮುಖ್ಯ ಕಾವಲು ಕ್ರಿಪ್ಟೋ ವಿನಿಮಯ ಸಂಸ್ಥೆ ಕಾಯಿನ್‌ಬೇಸ್‌ನದು. ಪ್ರತಿಸ್ಪರ್ಧಿ ಫಂಡುಗಳಲ್ಲಿ ಹಲವು ಅದನ್ನೇ ನೆಚ್ಚಿಕೊಂಡಿರುವುದರಿಂದ ಅಪಾಯ ಒಂದೇ ಕಡೆ ಶೇಖರವಾಗುತ್ತದೆ. ಇಂಥದೇ ಫಂಡ್ ನಡೆಸುವ ಫಿಡೆಲಿಟಿ ಸಂಸ್ಥೆ ಇದೇ ಶುಲ್ಕಕ್ಕೆ ತನ್ನದೇ ಅಂಗಸಂಸ್ಥೆಯಲ್ಲಿ ಕಾವಲು ಒದಗಿಸುತ್ತದೆಯಾದ್ದರಿಂದ ಈ ಒಂದು ಅಂಶದಲ್ಲಿ ನನ್ನ ಒಲವು ಅದರ ಕಡೆಗೆ. ಮ್ಯೂಚುಯಲ್ ಫಂಡುಗಳಿಗೆ 1940ರ ಹೂಡಿಕೆ ಕಂಪನಿ ಕಾಯ್ದೆ ಕೊಡುವ ರಕ್ಷಣೆಯೂ ಈ ಟ್ರಸ್ಟಿಗೆ ಅನ್ವಯಿಸದು. ಸಾಮಾನ್ಯ ಹೂಡಿಕೆದಾರರು ಷೇರನ್ನು ಕೊಟ್ಟು ಬಿಟ್‌ಕಾಯಿನ್ ಪಡೆಯುವಂತೆಯೂ ಇಲ್ಲ. ಶನಿವಾರ, ಭಾನುವಾರ ಬೆಲೆ ಕುಸಿದರೆ ಸೋಮವಾರ ಪೇಟೆ ತೆರೆಯುವವರೆಗೆ ನೋಡುತ್ತ ಕೂರಬೇಕು.

ದಿನವಹಿ ವಹಿವಾಟು ನಡೆಸುವವರಿಗೆ ಐಬಿಐಟಿಯೇ ಸರಿ. ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವವರು ಶೇ 0.15 ಶುಲ್ಕದೊಂದಿಗೆ 2024ರ ಜುಲೈನಲ್ಲಿ ಆರಂಭವಾದ ಗ್ರೇಸ್ಕೇಲ್ ಬಿಟ್‌ಕಾಯಿನ್ ಮಿನಿ ಟ್ರಸ್ಟನ್ನೂ ಹೋಲಿಸಿ ನೋಡುವುದು ಲೇಸು.