ಖಾನಾವಳಿ ತಾಟು ಮತ್ತು ಇಳಿಯಬೇಕಾದ ಹೊಟ್ಟೆ: ವಿಜಯಪುರದ ರೊಟ್ಟಿ ಊಟವನ್ನು ತೂಗಿ ನೋಡಿದಾಗ

ವಿಜಯಪುರದಲ್ಲಿ ಹೊಟ್ಟೆ ಕರಗಿಸಲು ಹೊರಟವರು ಮೊದಲು ಬಿಡುವುದು ಖಾನಾವಳಿಯನ್ನು. ಜಿಮ್ಮಿನವರು ಕೊಟ್ಟ ಚೀಟಿಯಲ್ಲಿ ಓಟ್ಸ್, ಬ್ರೊಕೊಲಿ, ಬ್ರೌನ್ ಬ್ರೆಡ್ ಅಂತಿರುತ್ತದೆ. ಹದಿನೈದು ದಿನ ಅದನ್ನು ಹೇಗೋ ನುಂಗುತ್ತಾರೆ, ಹದಿನಾರನೇ ದಿನ ಅದೇ ಖಾನಾವಳಿಯ ಬಾಗಿಲಿಗೆ ಬಂದು ನಾಲ್ಕು ರೊಟ್ಟಿ ಮುರಿಯುತ್ತಾರೆ. ನಮ್ಮ ಲೆಕ್ಕದಲ್ಲಿ ಬಿಡಬೇಕಾದದ್ದು ಖಾನಾವಳಿಯನ್ನಲ್ಲ, ತಾಟಿನಲ್ಲಿರುವ ಎರಡು ಮೂರು ಪದಾರ್ಥಗಳನ್ನು. ರೊಟ್ಟಿ ಅವುಗಳ ಪೈಕಿ ಇಲ್ಲ.

ಇದು ಒಂದು ಅಂಗಡಿಯ ವಿಮರ್ಶೆಯಲ್ಲ. ಊರಿನ ಬಹುತೇಕ ಶಾಕಾಹಾರಿ ಖಾನಾವಳಿಗಳಲ್ಲಿ ಒಂದೇ ಅಚ್ಚಿನಲ್ಲಿ ಬರುವ 'ಫುಲ್ ಊಟ'ದ ವಿಮರ್ಶೆ: ಬಿಸಿ ಇಲ್ಲವೇ ಖಡಕ್ ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ಎಣ್ಣೆಗಾಯಿ ಅಥವಾ ಝುಣಕ, ಬ್ಯಾಳಿ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಹಸಿ ಮೆಂತೆಸೊಪ್ಪು-ಉಳ್ಳಾಗಡ್ಡಿ-ಸವತಿಕಾಯಿ, ಕೊನೆಗೆ ಅನ್ನ-ಸಾರು. ಕೆಳಗಿನ ಅಂಕಿಗಳೆಲ್ಲ ಅಂದಾಜು. ಬಡಿಸುವ ಕೈ ಬದಲಾದರೆ ಲೆಕ್ಕವೂ ಅತ್ತಿತ್ತ ಸರಿಯುತ್ತದೆ.

ಮೊದಲು ರೊಟ್ಟಿ. ಬಡಿದು ಸುಟ್ಟ ಒಂದು ಬಿಸಿ ರೊಟ್ಟಿಗೆ 50ರಿಂದ 60 ಗ್ರಾಂ ಹಿಟ್ಟು ಹೋಗುತ್ತದೆ. ಅಂದರೆ 180-190 ಕ್ಯಾಲರಿ, 5-6 ಗ್ರಾಂ ಪ್ರೋಟೀನ್, ಅಷ್ಟೇ ನಾರು. ಎಣ್ಣೆ ಶೂನ್ಯ. ಚಪಾತಿಗೆ ಸವರುವ ಎಣ್ಣೆ, ಪರೋಟಾದೊಳಗಿನ ಡಾಲ್ಡಾ ಇಲ್ಲಿಲ್ಲ. ರೊಟ್ಟಿಯ ಮೇಲೆ ಸವರುವುದು ನೀರು. ಹಿಂಗಾರಿಯ ಬಿಳಿಜೋಳದ ಪಿಷ್ಟ ನಿಧಾನಕ್ಕೆ ಕರಗುತ್ತದೆ, ಹಾಗಾಗಿ ಮಧ್ಯಾಹ್ನ ಒಂದಕ್ಕೆ ಉಂಡವರಿಗೆ ನಾಲ್ಕಕ್ಕೆ ಹಸಿವಾಗುವುದಿಲ್ಲ. ಹೊಟ್ಟೆ ಇಳಿಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮೋಸ ಹೋಗುವುದು ಖಡಕ್ ರೊಟ್ಟಿಯಲ್ಲಿ. ಹಪ್ಪಳದ ಹಾಗೆ ತೆಳ್ಳಗಿದೆ, ಮುರಿದರೆ ಪುಡಿಯಾಗುತ್ತದೆ, 'ಇದರಾಗ ಏನೈತಿ' ಅನ್ನಿಸುತ್ತದೆ. ಆದರೆ ಅದರಲ್ಲೂ 35-40 ಗ್ರಾಂ ಹಿಟ್ಟಿದೆ, ಹೋಗಿರುವುದು ನೀರಷ್ಟೇ. ಬಿಸಿ ರೊಟ್ಟಿ ಎರಡಕ್ಕೆ ಕೈ ನಿಲ್ಲುತ್ತದೆ, ಖಡಕ್ ಐದಾದರೂ ಬಾಯಿ ಆಡುತ್ತಲೇ ಇರುತ್ತದೆ. ಮೂರು ಖಡಕ್ ಎಂದರೆ ಎರಡು ಬಿಸಿ ರೊಟ್ಟಿ ಎಂದು ಲೆಕ್ಕ ಇಟ್ಟುಕೊಂಡರೆ ಸಾಕು.

ಇನ್ನೊಂದು ಪರೀಕ್ಷೆ ತಾಟಿನಲ್ಲೇ ಮಾಡಬಹುದು. ಜೋಳದ ಹಿಟ್ಟಿಗೆ ಜಿಗುಟಿಲ್ಲ, ಅದಕ್ಕೇ ಕುದಿಯುವ ನೀರು ಹಾಕಿ ನಾದುತ್ತಾರೆ. ಅಪ್ಪಟ ಜೋಳದ ಬಿಸಿ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಎಳೆದರೆ ಅಂಚು ಒರಟಾಗಿ, ಹಳೇ ಗೋಡೆಯ ಗಿಲಾವು ಬಿರಿದಂತೆ ಬಿಟ್ಟುಕೊಳ್ಳುತ್ತದೆ. ಹರಿಯುವ ಮೊದಲು ಚೂರು ಹಿಗ್ಗಿತೋ, ಗೋಧಿಯೋ ಮೈದಾವೋ ಸೇರಿದೆ. ಕೈಯಲ್ಲಿ ಬಡಿಯುವವರು ಸಿಗದ ಕಡೆ, ಲಟ್ಟಿಸಲು ಸಲೀಸಾಗಲಿ ಎಂದು ಹೀಗೆ ಬೆರೆಸುವುದುಂಟು. ವಿಷವೇನಲ್ಲ, ಆದರೆ ಬೇಗ ಹಸಿವಾಗುತ್ತದೆ.

ಈಗ ಎಣ್ಣೆಗಾಯಿ. ಸಣ್ಣ ಸ್ಟೀಲ್ ವಾಟಿಯ ತುಂಬ ಬರುವ ಎರಡು ಮುಳಗಾಯಿಯನ್ನು ದಿಟ್ಟಿಸಿ ನೋಡಿ. ಅಂಚಿನ ಸುತ್ತ ಕೆಂಪು ಎಣ್ಣೆಯ ಉಂಗುರ ನಿಂತಿರುತ್ತದೆ, ನಮ್ಮ ಕಡೆ ಅದು ಅಡುಗೆಯವರ ಮರ್ಯಾದೆಯ ಪ್ರಶ್ನೆ. ಬದನೆಯ ತಿರುಳು ಸ್ಪಂಜಿನ ಜಾತಿಯದು, ಬೇಯುವಾಗ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ತುಂಬಿದ ಶೇಂಗಾ-ಎಳ್ಳು-ಕೊಬ್ಬರಿಯ ಮಸಾಲೆ ತನ್ನ ಎಣ್ಣೆಯನ್ನು ಬಿಡುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ 120 ಕ್ಯಾಲರಿ. ವಾಟಿಯಲ್ಲಿ ಅಂಥ ಎರಡು ಚಮಚ ಸುಲಭವಾಗಿ ಇರುತ್ತದೆ. ಬದನೆಕಾಯಿಯದ್ದು ಮಾತ್ರ ಲೆಕ್ಕ ಹಿಡಿದರೆ 30 ದಾಟದು.

ತಿನ್ನಬಾರದೆಂದು ಹೇಳುವ ಧೈರ್ಯ ನಮಗಿಲ್ಲ. ಉಪಾಯ ಇಷ್ಟು: ಊಟ ಬಂದ ಕೂಡಲೇ ವಾಟಿಯ ಒಂದು ಅಂಚಿನ ಕೆಳಗೆ ರೊಟ್ಟಿಯ ಚೂರು ಇಟ್ಟು ಓರೆ ಮಾಡಿ. ಸೊಪ್ಪು, ಸವತಿಕಾಯಿ ಅಗಿದು ಮುಗಿಸುವಷ್ಟರಲ್ಲಿ, ಎರಡು ಮೂರು ನಿಮಿಷಕ್ಕೆ, ಎಣ್ಣೆ ಒಂದು ಕಡೆ ಕೂಡಿಕೊಳ್ಳುತ್ತದೆ. ಮೇಲಿನ ಬದಿಯಿಂದ ಒಂದು ಕಾಯಿಯನ್ನು ಚಮಚದಲ್ಲಿ ಎತ್ತಿಕೊಳ್ಳಿ. ಓರೆಗೆ ಇಟ್ಟ ಆ ರೊಟ್ಟಿ ಚೂರಿನಿಂದ ಕೊನೆಗೆ ವಾಟಿ ಒರೆಸಿ ತಿಂದರೆ ಮಾಡಿದ್ದೆಲ್ಲ ವ್ಯರ್ಥ. ವಾರಕ್ಕೆ ಎರಡು ಸಲ ಹೀಗೆ ತಿಂದರೆ ಅಡ್ಡಿಯಿಲ್ಲ. ಉಳಿದ ದಿನ ಪುಂಡಿಪಲ್ಯ ಅಥವಾ ಬೇರೆ ಸೊಪ್ಪಿನ ಪಲ್ಯ ಇದೆಯೇ ಎಂದು ಕೇಳಿ.

ತಾಟಿನ ನಿಜವಾದ ಕಳ್ಳ ಎಣ್ಣೆಗಾಯಿಯಲ್ಲ, ಹಿಂಡಿ. ಶೇಂಗಾ ಹಿಂಡಿಯ ಒಂದು ಚಮಚ ಸುಮಾರು 10 ಗ್ರಾಂ, 55 ಕ್ಯಾಲರಿ. ಬಡಿಸುವವರು ಎರಡು ಚಮಚ ಹಾಕಿ, ನಡುವೆ ಗುಂಡಿ ಮಾಡಿ, ಕೇಳದೆಯೇ ಎಣ್ಣೆ ಹೊಯ್ಯುತ್ತಾರೆ. ಅಲ್ಲಿಗೆ 230. ಒಂದು ರೊಟ್ಟಿಗಿಂತ ಹೆಚ್ಚು, ಆದರೆ ಅದನ್ನು ಯಾರೂ ಊಟದ ಲೆಕ್ಕಕ್ಕೇ ಹಿಡಿಯುವುದಿಲ್ಲ. 'ಎಣ್ಣಿ ಬ್ಯಾಡ, ಮೊಸರಾಗ ಕಲಸ್ಕೋತೀನಿ' ಎಂದರೆ ಯಾರೂ ಬೇಜಾರು ಮಾಡಿಕೊಳ್ಳರು. ಅಗಸಿ ಅಥವಾ ಗುರೆಳ್ಳು ಹಿಂಡಿ ಸಿಕ್ಕರೆ ರುಚಿಗೆ ಬದಲಿಸಿ. ಕ್ಯಾಲರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಒಂದು ಚಮಚದ ಮಿತಿ ಅದಕ್ಕೂ ಸೇರಿ.

ಕಾಳುಪಲ್ಯ ಈ ಊಟದ ಅತ್ಯುತ್ತಮ ಭಾಗ, ಮತ್ತು ಬಹಳ ಜನ ಅರ್ಧ ಉಳಿಸಿ ಏಳುವುದೂ ಅದನ್ನೇ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕೊರೆ, ಹೆಸರು-ಮಡಕಿಯಲ್ಲಿ ಅದು ಧಾರಾಳ. ರೊಟ್ಟಿಗೆ ಕಾಳು ಜೋಡಿಯಾದದ್ದು ಬರೀ ಬಾಯಿರುಚಿಗಲ್ಲ. ಒಂದು ವಾಟಿ ಹೆಸರುಕಾಳು ಪಲ್ಯದಲ್ಲಿ 7-8 ಗ್ರಾಂ ಪ್ರೋಟೀನ್, ಒಗ್ಗರಣೆ ಸೇರಿ 150 ಕ್ಯಾಲರಿ. ಅನ್ನ ಬೇಡ, ಬದಲಿಗೆ ಇನ್ನೊಂದು ವಾಟಿ ಕಾಳು ಕೊಡಿ ಎಂದರೆ ಬಹುತೇಕ ಕಡೆ ಕೊಡುತ್ತಾರೆ. ಕೆಲವು ಕಡೆ ಹೆಚ್ಚುವರಿ ಹಣ ಕೇಳುತ್ತಾರೆ, ಕೊಡಿ. ಪ್ರೋಟೀನ್ ಪುಡಿಯ ಡಬ್ಬಿಗಿಂತ ಅಗ್ಗವೇ ಬೀಳುತ್ತದೆ. ಝುಣಕವೂ ಕಡಲೆಹಿಟ್ಟಿನದೇ, ಆದರೆ ಅಡಿ ಹಿಡಿಯದಿರಲೆಂದು ಎಣ್ಣೆ ಸುರಿಯುತ್ತಾರೆ. ಕಾಳಿದ್ದರೆ ಕಾಳೇ ಮೇಲು. ಬ್ಯಾಳಿಯನ್ನು ಸೌಟು ತಳಕ್ಕೆ ಹಾಕಿ ಬಡಿಸಲು ಹೇಳಿ, ಮೇಲಿನ ತಿಳಿಯಲ್ಲಿ ಖಾರ-ಹುಳಿ ಬಿಟ್ಟರೆ ಏನೂ ಇಲ್ಲ.

ಕಾಳಿನ ವಿಚಾರದಲ್ಲಿ ಒಂದು ಎಚ್ಚರಿಕೆ. ದಿನಕ್ಕೆ ಅರ್ಧ ವಾಟಿ ತಿನ್ನುತ್ತಿದ್ದವರು ಏಕಾಏಕಿ ಎರಡು ವಾಟಿಗೆ ಹಾರಿದರೆ ಮೊದಲ ವಾರ ಹೊಟ್ಟೆ ಇಳಿಯುವುದಲ್ಲ, ಉಬ್ಬುತ್ತದೆ. ಕಾಳಿನ ಕೆಲವು ಸಕ್ಕರೆಗಳು ಸಣ್ಣಕರುಳಿನಲ್ಲಿ ಕರಗದೆ ದೊಡ್ಡಕರುಳಿಗೆ ಹೋಗಿ ಅಲ್ಲಿ ಗ್ಯಾಸ್ ಆಗುವುದು ಇದಕ್ಕೆ ಕಾರಣ. ಟೇಪು ಸುತ್ತಿ, ಎರಡು ಸೆಂ.ಮೀ. ಹೆಚ್ಚಾಗಿದ್ದು ಕಂಡು, ಇಡೀ ಪ್ರಯತ್ನವನ್ನೇ ಕೈಬಿಡುವವರಿದ್ದಾರೆ. ವಾರಕ್ಕೆ ಅರ್ಧರ್ಧ ವಾಟಿ ಏರಿಸಿ, ನೀರು ಹೆಚ್ಚು ಕುಡಿಯಿರಿ. ಮೊಳಕೆ ಬಂದ ಕಾಳು ಈ ವಿಷಯದಲ್ಲಿ ಸ್ವಲ್ಪ ಸೌಮ್ಯ.

ಅನ್ನ-ಸಾರು ಬರುವ ಹೊತ್ತಿಗೆ ಹಸಿವು ಮುಗಿದಿರುತ್ತದೆ, ರೂಢಿ ಮಾತ್ರ ಉಳಿದಿರುತ್ತದೆ. ತಾಟಿಗೆ ಬೀಳುವ 200 ಗ್ರಾಂ ಅನ್ನ 260 ಕ್ಯಾಲರಿ, ಸಾರು ಸೇರಿದರೆ 300. ಬಡಿಸುವವರು ಹತ್ತಿರ ಬರುವ ಮೊದಲೇ ಕೈ ಅಡ್ಡ ಹಿಡಿಯಬೇಕು. ಬಿದ್ದ ಮೇಲೆ ಅನ್ನ ಚೆಲ್ಲಲು ನಮ್ಮವರಿಗೆ ಮನಸ್ಸು ಬಾರದು.

ಕೂಡಿಸಿ ನೋಡೋಣ. ಬಂದದ್ದನ್ನು ಬಂದಂತೆ ಉಂಡರೆ, ಮೂರು ರೊಟ್ಟಿ, ಎಣ್ಣೆಗಾಯಿ, ಕಾಳು, ಬ್ಯಾಳಿ, ಎಣ್ಣೆ ಹಾಕಿದ ಹಿಂಡಿ, ಮೊಸರು, ಅನ್ನ-ಸಾರು, 1,600 ಮುಟ್ಟುತ್ತದೆ. ಕುರ್ಚಿಯ ಕೆಲಸದ 70 ಕೆ.ಜಿ. ಗಂಡಸಿಗೆ ಇಡೀ ದಿನಕ್ಕೆ ಬೇಕಿರುವುದು 2,000-2,200. ಎರಡು ರೊಟ್ಟಿ, ಎರಡು ವಾಟಿ ಕಾಳು, ಒಂದು ಬ್ಯಾಳಿ, ಒಂದು ಚಮಚ ಒಣ ಹಿಂಡಿ, ಎರಡು ವಾಟಿ ಮೊಸರು, ಹಸಿ ತರಕಾರಿ ಬೇಕಾದಷ್ಟು ಎಂದು ತಾಟನ್ನು ತಿದ್ದಿದರೆ 1,000ದ ಆಸುಪಾಸು, ಪ್ರೋಟೀನ್ 40 ಗ್ರಾಂ. ಬೆಳಿಗ್ಗೆ ಮತ್ತು ರಾತ್ರಿ ತಲಾ 350-400 ಇಟ್ಟುಕೊಂಡರೆ ದಿನಕ್ಕೆ 400ರಷ್ಟು ಕೊರತೆ ಬೀಳುತ್ತದೆ. ಒಂದು ಕೆ.ಜಿ. ಕೊಬ್ಬು ಸುಮಾರು 7,700 ಕ್ಯಾಲರಿ, ಅಂದರೆ ಇಪ್ಪತ್ತು ದಿನಕ್ಕೆ ಒಂದು ಕೆ.ಜಿ. 'ತಿಂಗಳಿಗೆ ಹತ್ತು ಕೆ.ಜಿ.' ಎಂಬ ಪೋಸ್ಟರಿನ ಪಕ್ಕ ಇದು ಬಡವಾಗಿ ಕಾಣುತ್ತದೆ, ಆದರೆ ನಿಜಕ್ಕೂ ಆಗುವಂಥ ಲೆಕ್ಕ ಇದು. 55 ಕೆ.ಜಿ.ಯ ಹೆಣ್ಣುಮಕ್ಕಳು ಒಂದೂವರೆ ರೊಟ್ಟಿ, ಒಂದು ವಾಟಿ ಕಾಳಿಗೆ ನಿಲ್ಲಿಸಬೇಕು.

ಈ ಊಟದ ಕೊರತೆ ಪ್ರೋಟೀನಿನದೇ. 70 ಕೆ.ಜಿ.ಯವರು ತೂಕ ಇಳಿಸುವಾಗ ಸ್ನಾಯು ಕರಗದಿರಲು ದಿನಕ್ಕೆ 85 ಗ್ರಾಂ ಆದರೂ ಬೇಕು. ತಾಟು ಅದರ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮೊಟ್ಟೆ ತಿನ್ನುವವರಿಗೆ ಬೆಳಿಗ್ಗೆ ಮೂರು ಬೇಯಿಸಿದ್ದು ಸಾಕಷ್ಟು ನೆರವು. ತಿನ್ನದವರು ಹಾಲು, ಪನೀರು, ಸೋಯಾ ಎಂದು ಬೇರೆ ದಾರಿ ಹುಡುಕಬೇಕು, ಖಾನಾವಳಿಯಲ್ಲಿ ಅದು ಸಿಗುವುದಿಲ್ಲ. ಉಪ್ಪೂ ಹೆಚ್ಚು. ಹಿಂಡಿ, ಉಪ್ಪಿನಕಾಯಿ, ಸಂಡಿಗೆ ಮೂರೂ ತಿಂದ ಮರುದಿನ ಮೈಯಲ್ಲಿ ನೀರು ನಿಂತು ತೂಕ ಅರ್ಧ-ಒಂದು ಕೆ.ಜಿ. ಏರಿದಂತೆ ತೋರುತ್ತದೆ. ಅದು ಕೊಬ್ಬಲ್ಲ.

ವ್ಯಾಯಾಮದಿಂದಲೇ ಇದನ್ನೆಲ್ಲ ಸರಿದೂಗಿಸುತ್ತೇವೆ ಎನ್ನುವವರಿಗೆ ಊರಿನದೇ ಒಂದು ಲೆಕ್ಕ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ನೆಲದಿಂದ 30 ಮೀಟರಿಗೂ ಮೇಲಿದೆ. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಏದುಸಿರು ಬಂದಿರುತ್ತದೆ. 70 ಕೆ.ಜಿ. ಮೈಯನ್ನು ಅಷ್ಟು ಎತ್ತರಕ್ಕೆ ಏರಿಸಲು ಖರ್ಚಾಗುವುದು 25-30 ಕ್ಯಾಲರಿ. ಅರ್ಧ ಚಮಚ ಶೇಂಗಾ ಹಿಂಡಿ, ಅದೂ ಎಣ್ಣೆ ಇಲ್ಲದ್ದು.

ಹಾಗೆಂದು ವ್ಯಾಯಾಮ ಬಿಡುವಂತಿಲ್ಲ, ಅದರ ಕೆಲಸ ಬೇರೆ. ಕೊಬ್ಬು ಇಳಿಸುವುದು ತಾಟು, ಇಳಿದ ಮೇಲೆ ಹೊಟ್ಟೆ ಜೋಲದೆ ಬಿಗಿಯಾಗಿ ಕಾಣುವಂತೆ ಮಾಡುವುದು ಸ್ನಾಯು. ಹೊಟ್ಟೆಯ ಕಸರತ್ತು ಮಾಡಿದರೆ ಹೊಟ್ಟೆಯದೇ ಕೊಬ್ಬು ಹೋಗುತ್ತದೆ ಎಂಬುದು ಸುಳ್ಳು. ಮೈ ತನಗೆ ಬೇಕಾದ ಕಡೆಯಿಂದ ತೆಗೆಯುತ್ತದೆ, ಗಂಡಸರಲ್ಲಿ ಕೆಳಹೊಟ್ಟೆಯದನ್ನು ಕೊನೆಗೆ. ವಾರಕ್ಕೆ ಮೂರು ದಿನ ಬೈಠಕ್, ದಂಡ, ಭಾರ ಎತ್ತುವುದು ಇರಲಿ, ಜೊತೆಗೆ ಡೆಡ್ ಬಗ್ ಎಂಬ ಒಂದು ಕಸರತ್ತು. ಅಂಗಾತ ಮಲಗಿ ಕೈಗಳನ್ನು ಚಾವಣಿಯತ್ತ ಚಾಚಿ, ತೊಡೆ ನೆಟ್ಟಗೆ, ಮೊಣಕಾಲು 90 ಡಿಗ್ರಿ. ಸೊಂಟದ ಕೆಳಗಿನ ಟೊಳ್ಳು ನೆಲಕ್ಕೆ ಅಂಟುವಂತೆ ಹೊಟ್ಟೆ ಬಿಗಿಹಿಡಿಯಿರಿ. ಉಸಿರು ಬಿಡುತ್ತ ಬಲಗೈ ತಲೆಯ ಹಿಂದಕ್ಕೂ ಎಡಗಾಲು ಮುಂದಕ್ಕೂ ನಿಧಾನಕ್ಕೆ ಇಳಿಸಿ, ನೆಲಕ್ಕೆ ಒಂದು ಗೇಣು ಇರುವಾಗ ನಿಲ್ಲಿಸಿ ವಾಪಸ್ ತನ್ನಿ. ಒಂದೊಂದು ಬದಿಗೆ 8, ಹೀಗೆ ಮೂರು ಸುತ್ತು. ಬೆನ್ನು ನೆಲದಿಂದ ಎದ್ದ ಕ್ಷಣ ಕೆಲಸ ಹೊಟ್ಟೆಯಿಂದ ಸೊಂಟಕ್ಕೆ ಜಾರುತ್ತದೆ, ಮರುದಿನದ ಸೊಂಟನೋವಿನ ಮೂಲ ಅದೇ. ಆಗ ಕಾಲನ್ನು ಅಷ್ಟು ದೂರ ಇಳಿಸಬೇಡಿ. ಇದು ತುಂಬಿದ ಹೊಟ್ಟೆಯಲ್ಲಿ ಮಾಡುವಂಥದ್ದಲ್ಲ, ರೊಟ್ಟಿ ಊಟಕ್ಕೂ ಇದಕ್ಕೂ ಮೂರು ಗಂಟೆ ಅಂತರವಿರಲಿ. ಊಟವಾದ ಕೂಡಲೇ ಮಾಡಬಹುದಾದದ್ದು 15 ನಿಮಿಷದ ನಡಿಗೆ ಮಾತ್ರ. ಏಪ್ರಿಲ್-ಮೇ ಬಿಸಿಲಿನಲ್ಲಿ ಅದನ್ನೂ ನೆರಳು ನೋಡಿಕೊಂಡೇ.

ಅಳೆಯುವುದು ವಾರಕ್ಕೊಮ್ಮೆ, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು. ಟೇಪು ಹೊಕ್ಕುಳ ಕಂಡಲ್ಲಿ ಸುತ್ತುವುದಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಟ್ಟನಡುವೆ, ಉಸಿರು ಸಹಜವಾಗಿ ಬಿಟ್ಟಾಗ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಎಂಬುದು ವೈದ್ಯರು ಬಳಸುವ ಗೆರೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನವನ್ನು ದಿಢೀರನೆ ನಿಲ್ಲಿಸಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಕಿಡ್ನಿ ತೊಂದರೆ ಇರುವವರಿಗೆ ಎರಡು ವಾಟಿ ಕಾಳು ಹೊರೆಯಾಗಬಹುದು. ಇಬ್ಬರೂ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು.

ಅಮಾವಾಸ್ಯೆ, ಹಬ್ಬದ ದಿನ ಖಾನಾವಳಿಯಲ್ಲಿ ಹೋಳಿಗೆ ಇದ್ದರೆ ತಿನ್ನಿ. ತುಪ್ಪ ಸೇರಿ ಒಂದಕ್ಕೆ 300ರ ಹತ್ತಿರ. ಅವತ್ತು ಒಂದು ರೊಟ್ಟಿ, ಒಂದು ವಾಟಿ ಕಾಳು ಕಡಿಮೆ ಮಾಡಿದರೆ ಲೆಕ್ಕ ಸಮ.

ಪಾರ್ಸಲ್ ತರುವವರು ಹಣ ಕೊಡುವಾಗಲ್ಲ, ಆರ್ಡರ್ ಹೇಳುವಾಗಲೇ ಹೇಳಬೇಕಾದ ಮಾತು ಎರಡು: ಅನ್ನದ ಬದಲು ಕಾಳು, ಹಿಂಡಿಗೆ ಎಣ್ಣಿ ಬ್ಯಾಡ. ಪೊಟ್ಟಣ ಕಟ್ಟುವವರ ಕೈ ರೂಢಿಯಂತೆ ಎಣ್ಣೆಯ ಡಬ್ಬಿಗೇ ಹೋಗುತ್ತದೆ, ಒಮ್ಮೆ ಹೊಯ್ದರೆ ಮನೆಗೆ ಮುಟ್ಟುವಷ್ಟರಲ್ಲಿ ಹಿಂಡಿ ಅದನ್ನೆಲ್ಲ ಕುಡಿದಿರುತ್ತದೆ.